ಕೋಡ್ ಲೀನ್ ಎನ್ನುತ್ತದೆ, ಪ್ಲಗ್ ಕಪ್ಪಗಿದೆ: ಒಂದು ಆಕ್ಸಿಜನ್ ಸೆನ್ಸರ್ ದೂರಿನ ದುರಸ್ತಿ ಟಿಪ್ಪಣಿ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪಯ್ಯ ಓಡಿಸುವ ಕಾರು 2014ರ ಮಾದರಿಯ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಚಿಕ್ಕ ಹ್ಯಾಚ್‌ಬ್ಯಾಕ್. ಇದುವರೆಗೆ 92,000 ಕಿ.ಮೀ. ಓಡಿದೆ. ಮಳೆಗಾಲ ಮುಗಿಯುವ ಹೊತ್ತಿಗೆ, ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಗಾಡಿ 12ಕ್ಕೆ ಇಳಿಯಿತು. ಅದರ ಹಿಂದೆಯೇ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ತೀರ್ಮಾನಿಸಿ ಹೊಸದನ್ನು ಹಾಕಿದರು, ಹಳೆಯದನ್ನು ಹೊಸದರ ಡಬ್ಬಿಯಲ್ಲಿಟ್ಟು ಅಪ್ಪಯ್ಯನ ಕೈಗೆ ಕೊಟ್ಟರು. ದೀಪ ಆರಿತು. ಮೂರು ವಾರದ ಮೇಲೆ ಮತ್ತೆ ಹೊತ್ತಿತು. ಈ ನಡುವೆ ಮೈಲೇಜ್ ಮಾತ್ರ ಒಂದು ದಿನವೂ ಸುಧಾರಿಸಿರಲಿಲ್ಲ. ಆಮೇಲಿನ ನಾಲ್ಕು ವಾರಾಂತ್ಯಗಳಲ್ಲಿ ನಾನು ಈ ಗಾಡಿಯ ಮೇಲೆ ಮಾಡಿದ ಕೆಲಸವನ್ನು, ಅಳೆದ ಅಂಕಿಗಳ ಸಮೇತ, ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಕೋಡ್ ಬಂದಾಗ ಸೆನ್ಸರಿನ ಮೇಲೆ ಸೆನ್ಸರ್ ಬದಲಿಸಿ ದುಡ್ಡು ಕಳೆದುಕೊಂಡ ಹಲವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರಿಗಾದರೂ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಸ್ಕ್ಯಾನರಿನಲ್ಲಿ ಎರಡು ಕೋಡ್‌ಗಳಿದ್ದವು. ಮೊದಲನೆಯದು ಪಿ0171, ಅಂದರೆ ಮಿಶ್ರಣ ಲೀನ್ ಆಗಿದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂಬ ದೂರು. ಎರಡನೆಯದು ಪಿ0141, ಅಂದರೆ ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ದಾಟಿದ ಮೇಲೆ ಕೂರುವ ಎರಡನೆಯ ಆಕ್ಸಿಜನ್ ಸೆನ್ಸರಿನ ಹೀಟರ್ ಕೆಲಸ ಮಾಡುತ್ತಿಲ್ಲ ಎಂಬುದು. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿಯ, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಪತ್ತೆಮಾಡಿ ಕೋಡ್ ಆಗಿ ದಾಖಲಿಸುವ ವ್ಯವಸ್ಥೆಯ, ಎರಡನೆಯ ಹಂತ ಕಡ್ಡಾಯವಾದ್ದರಿಂದ ಈ ಕಾರಿನಲ್ಲಿ ಕನ್ವರ್ಟರಿಗೆ ಮುಂಚೆ ಒಂದು, ಅದರ ನಂತರ ಒಂದು, ಹೀಗೆ ಎರಡು ಸೆನ್ಸರ್‌ಗಳಿವೆ. ಪೆಟ್ರೋಲಿನ ಪ್ರಮಾಣವನ್ನು ತಿದ್ದುವುದು ಮುಖ್ಯವಾಗಿ ಮೊದಲನೆಯದರ ಮಾತಿನ ಮೇಲೆ. ಎರಡನೆಯದು ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳುತ್ತದೆ. ಆ ಕಾರಣಕ್ಕೇ ಪಿ0141 ಅನ್ನು ಗ್ಯಾರೇಜಿನವರು ಬದಿಗಿಟ್ಟಿದ್ದರು. ಮೊದಲ ವಾರ ನಾನೂ ಬದಿಗಿಟ್ಟೆ. ಅದು ತಪ್ಪಾಗಿತ್ತೆಂದು ಮುಂದೆ ಗೊತ್ತಾಯಿತು.

ಕೋಡ್ ಎಂಬುದು ಕೆಟ್ಟ ಭಾಗದ ಹೆಸರಲ್ಲ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ತಾನು ಕಂಡದ್ದನ್ನು ದಾಖಲಿಸಿದ ಹೇಳಿಕೆ ಮಾತ್ರ. ಅದು ಕಂಡದ್ದಾದರೂ ಏನು? ಮೊದಲನೆಯ ಸೆನ್ಸರಿನ ತುದಿಯಲ್ಲಿ ಬೆರಳಿನ ಟೋಪಿಯಂತಹ ಒಂದು ಜಿರ್ಕೋನಿಯಾ ಸೆರಾಮಿಕ್ ತುಂಡಿದ್ದು, ಅದರ ಒಳಮೈಗೂ ಹೊರಮೈಗೂ ಪ್ಲಾಟಿನಂ ಲೇಪನವಿರುತ್ತದೆ. ಹೊರಮೈ ಹೊಗೆಯಲ್ಲಿ ಮುಳುಗಿರುತ್ತದೆ, ಒಳಮೈಗೆ ಹೊರಗಿನ ಗಾಳಿ ತಾಗುತ್ತಿರುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದ ಮೇಲೆ ಈ ಎರಡು ಮೈಗಳ ಆಮ್ಲಜನಕದ ವ್ಯತ್ಯಾಸವೇ ವೋಲ್ಟೇಜ್ ಆಗಿ ಹೊರಬರುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ 0.1 ವೋಲ್ಟ್ ಆಸುಪಾಸು, ಉಳಿದಿಲ್ಲದಿದ್ದರೆ 0.9ರ ಹತ್ತಿರ, ಸರಿಯಾದ ಮಿಶ್ರಣದ ಗೆರೆಯಲ್ಲಿ 0.45. 1976ರಲ್ಲಿ ಬಾಷ್ ತಯಾರಿಸಿ, ಅಮೆರಿಕಕ್ಕೆ ಕಳಿಸುವ ವೋಲ್ವೊ ಕಾರುಗಳಲ್ಲಿ ಮೊದಲು ಅಳವಡಿಸಿದ ಸೆನ್ಸರೂ ಇದೇ ತತ್ವದ್ದು. ಇಲ್ಲಿ ಮರೆಯಬಾರದ ಸಂಗತಿ ಒಂದಿದೆ: ಈ ಸೆನ್ಸರ್ ಪೆಟ್ರೋಲನ್ನು ಅಳೆಯುವುದೇ ಇಲ್ಲ. ಅದಕ್ಕೆ ತಿಳಿಯುವುದು ಆಮ್ಲಜನಕ ಒಂದೇ. ಆ ಆಮ್ಲಜನಕ ಸಿಲಿಂಡರಿನಲ್ಲಿ ಉರಿಯದೆ ಉಳಿದದ್ದೋ ಬೇರೆ ದಾರಿಯಿಂದ ಒಳಗೆ ಬಂದದ್ದೋ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಮೊದಲ ಶನಿವಾರ ಪಾನಾ ಮುಟ್ಟದೆ ಅಂಕಿಗಳನ್ನು ಮಾತ್ರ ಬರೆದುಕೊಂಡೆ. ಬ್ಲೂಟೂತ್ ಅಡಾಪ್ಟರನ್ನು ಮೊಬೈಲಿಗೆ ಜೋಡಿಸಿ, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್‌ಗಳನ್ನಷ್ಟೇ ತೆರೆಯ ಮೇಲೆ ಇಟ್ಟುಕೊಂಡೆ. ಅಗ್ಗದ ಅಡಾಪ್ಟರಿಗೆ ಹತ್ತು ಅಂಕಿ ಒಟ್ಟಿಗೆ ಕೇಳಿದರೆ ಒಂದೊಂದೂ ಬಹಳ ತಡವಾಗಿ ಬರುತ್ತದೆ, ಆಗ ಏರಿಳಿತವೇ ಕಾಣುವುದಿಲ್ಲ. ಶಾರ್ಟ್ ಟರ್ಮ್ ಎಂದರೆ ಇಸಿಯು ಆ ಕ್ಷಣಕ್ಕೆ ಪೆಟ್ರೋಲಿನ ಪ್ರಮಾಣಕ್ಕೆ ಮಾಡುವ ಶೇಕಡಾವಾರು ತಿದ್ದುಪಡಿ; ಪ್ಲಸ್ ಇದ್ದರೆ ಪೆಟ್ರೋಲ್ ಹೆಚ್ಚಿಸುತ್ತಿದೆ ಎಂದು ಅರ್ಥ. ಅದೇ ತಿದ್ದುಪಡಿ ಮತ್ತೆ ಮತ್ತೆ ಬೇಕಾದಾಗ ಅದನ್ನು ಲೆಕ್ಕಕ್ಕೆ ಕಾಯಂ ಸೇರಿಸಿಕೊಂಡದ್ದು ಲಾಂಗ್ ಟರ್ಮ್. ಎರಡನ್ನೂ ಕೂಡಿಸಿ ನೋಡಬೇಕು. ಕೂಡಿದ ಮೊತ್ತ ಶೇ. ಹತ್ತರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಎಂಜಿನ್ ಬಿಸಿಯಾಗಿ, ಕೂಲೆಂಟ್ 88 ಡಿಗ್ರಿಗೆ ಬಂದು, ಸೆನ್ಸರಿನ ಮಾತು ಕೇಳಿ ಪೆಟ್ರೋಲ್ ತಿದ್ದುವ ಕ್ಲೋಸ್ಡ್ ಲೂಪ್ ಸ್ಥಿತಿ ಶುರುವಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಎಕ್ಸಿಲೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವ ಐಡ್ಲಿಂಗಿನಲ್ಲಿ ಸಿಕ್ಕ ಮೊತ್ತ ಶೇ. +27. ನಿಂತಲ್ಲೇ 2,500 ಆರ್‌ಪಿಎಂಗೆ ಏರಿಸಿ ಹಿಡಿದಾಗ +13. ಮರುದಿನ ಸೋಮೇಶ್ವರಕ್ಕೆ ಹೋಗಿ, ಅಲ್ಲಿಂದ ಆಗುಂಬೆ ಘಾಟಿಯನ್ನು ಸೆಕೆಂಡ್ ಮತ್ತು ಥರ್ಡ್ ಗೇರಿನಲ್ಲಿ ಅರ್ಧ ಎಕ್ಸಿಲೇಟರ್ ಒತ್ತಿ ಹತ್ತುವಾಗ, ಪಕ್ಕದಲ್ಲಿ ಕುಳಿತ ತಮ್ಮ ಓದಿ ಹೇಳಿದ್ದು +6ರಿಂದ +7.

ಈ ಮೂರು ಅಂಕಿಗಳೇ ಮುಂದಿನ ದಾರಿಯನ್ನು ಅರ್ಧದಷ್ಟು ತೋರಿಸಿಬಿಟ್ಟವು. ಪಂಪ್ ಸೋತಿದ್ದರೆ ಅಥವಾ ಪೆಟ್ರೋಲ್ ಫಿಲ್ಟರ್ ಕಟ್ಟಿದ್ದರೆ, ಪೆಟ್ರೋಲ್ ಹೆಚ್ಚು ಬೇಕಾದಾಗಲೇ ಕೊರತೆ ಕಾಣಬೇಕು. ಅಂದರೆ ಘಾಟಿ ಹತ್ತುವಾಗ ಅಂಕಿ ಏರಬೇಕಿತ್ತು. ಇಲ್ಲಿ ಇಳಿದಿದೆ. ಎಂಜಿನ್ ಸೇದುವ ಗಾಳಿ ಕಡಿಮೆಯಿದ್ದಾಗ ದೋಷ ದೊಡ್ಡದಾಗಿಯೂ, ಹೆಚ್ಚಿದ್ದಾಗ ಚಿಕ್ಕದಾಗಿಯೂ ಕಾಣುತ್ತಿದೆ ಎಂದರೆ ಎಲ್ಲೋ ಒಂದು ಕಡೆ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ, ಅದರ ಪಾಲು ಐಡ್ಲಿಂಗಿನಲ್ಲಿ ದೊಡ್ಡದು ಎಂದು ಅರ್ಥ. ಪುಸ್ತಕ ಓದಿದ ಯಾರಾದರೂ ಇಲ್ಲಿ ‘ವ್ಯಾಕ್ಯೂಮ್ ಲೀಕ್’ ಎಂದು ಹೇಳಿಬಿಡುತ್ತಾರೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಪ್ಯಾಕಿಂಗಿನಲ್ಲಿ ಅಥವಾ ಯಾವುದಾದರೂ ರಬ್ಬರ್ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ ಎಂದು.

ಆದರೆ ಈ ಎಂಜಿನ್ನಿನಲ್ಲಿ ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇಲ್ಲ. ನಮ್ಮಲ್ಲಿನ ಬಹಳಷ್ಟು ಚಿಕ್ಕ ಕಾರುಗಳಂತೆ ಇದರಲ್ಲೂ ಇರುವುದು ಮ್ಯಾಪ್ ಸೆನ್ಸರ್. ಅದು ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನು ನೋಡಿ ಗಾಳಿಯನ್ನು ಲೆಕ್ಕ ಹಾಕುತ್ತದೆ. ಎಕ್ಸಿಲೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲಾದ ಥ್ರಾಟಲ್ ದಾಟಿದ ಮೇಲೆ ಎಲ್ಲಿಂದ ಗಾಳಿ ನುಗ್ಗಿದರೂ ಒಳಗಿನ ಒತ್ತಡ ಏರುತ್ತದೆ, ಅದಕ್ಕೆ ತಕ್ಕಂತೆ ಇಸಿಯು ಪೆಟ್ರೋಲನ್ನೂ ಹೆಚ್ಚಿಸುತ್ತದೆ; ಹಾಗಾಗಿ ಇಂಥ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಲೀಕ್ ಇದ್ದರೆ ಟ್ರಿಮ್ ಏರುವುದಕ್ಕಿಂತ ಮೊದಲು ಐಡ್ಲಿಂಗ್ ವೇಗ ಏರಿ ಕಾಡುತ್ತದೆ. ನಮ್ಮ ಗಾಡಿಯ ಐಡ್ಲಿಂಗ್ 750ರಲ್ಲಿ ಅಲುಗಾಡದೆ ನಿಂತಿತ್ತು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದಾಗ ಮ್ಯಾಪ್ ಸೆನ್ಸರ್ 94 ಕಿಲೋಪ್ಯಾಸ್ಕಲ್ ತೋರಿಸಿತು. ಸಮುದ್ರಮಟ್ಟದಿಂದ 600 ಮೀಟರಿಗೆ ಹತ್ತಿರವಿರುವ ತೀರ್ಥಹಳ್ಳಿಯಲ್ಲಿ ಇರಬೇಕಾದ ಗಾಳಿಯ ಒತ್ತಡ ಅಷ್ಟೇ. ಐಡ್ಲಿಂಗಿನಲ್ಲಿ ಅದು 32ಕ್ಕೆ ಇಳಿಯಿತು. ಇನ್‌ಟೇಕ್ ಕಡೆಯಿಂದ ಇಷ್ಟು ದೊಡ್ಡ ದೋಷ ಹುಟ್ಟುತ್ತಿದೆ ಎಂದು ನಂಬಲು ಯಾವ ಕಾರಣವೂ ಉಳಿಯಲಿಲ್ಲ.

ಅದೇ ಸಂಜೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದೆ. ನಾಲ್ಕನ್ನೂ ಸಾಲಾಗಿ ಹಳೆಯ ಪತ್ರಿಕೆಯ ಮೇಲೆ ಇಟ್ಟು, ಟಾರ್ಚ್ ಹಿಡಿದು ನೋಡಿದೆ. ಮಿಶ್ರಣ ನಿಜವಾಗಿಯೂ ಲೀನ್ ಆಗಿದ್ದರೆ ನಡುವಿನ ಪಿಂಗಾಣಿ ಬಿಳಿಚಿಕೊಂಡು ಸುಟ್ಟ ಸುಣ್ಣದ ಬಣ್ಣಕ್ಕೆ ತಿರುಗಿರಬೇಕು. ಇಲ್ಲಿ ನಾಲ್ಕೂ ಪ್ಲಗ್‌ಗಳ ಪಿಂಗಾಣಿಯ ಮೇಲೆ, ಸುತ್ತಿನ ಉಕ್ಕಿನ ಅಂಚಿನ ಮೇಲೆ, ಒಣಗಿದ ಮೆತ್ತನೆಯ ಮಸಿ ಕೂತಿತ್ತು. ಹೆಬ್ಬೆರಳಿನಿಂದ ಉಜ್ಜಿದರೆ ಲಾಟೀನಿನ ಗಾಜಿನ ಕಾಡಿಗೆಯಂತೆ ಜಿಡ್ಡಿಲ್ಲದೆ ಕೈಗೆ ಬಂತು. ಜಿಡ್ಡು ಇದ್ದಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎನ್ನಬಹುದಿತ್ತು. ಇದು ಹೆಚ್ಚಾದ ಪೆಟ್ರೋಲಿನ ಮಸಿ. ಸೈಲೆನ್ಸರಿನ ತುದಿಯ ಒಳಗೆ ಬೆರಳು ಹಾಕಿದಾಗಲೂ ಅದೇ ಮಸಿ. ಇಸಿಯು ಪೆಟ್ರೋಲ್ ಸಾಲದು ಎನ್ನುತ್ತಿದೆ, ನಾಲ್ಕು ಸಿಲಿಂಡರ್‌ಗಳೂ ಅತಿಯಾಯಿತು ಎನ್ನುತ್ತಿವೆ. ಐಡ್ಲಿಂಗಿನಲ್ಲಿ ಶೇ. 27ರಷ್ಟು ಹೆಚ್ಚುವರಿ ಪೆಟ್ರೋಲನ್ನು ಎಂಜಿನ್ ನಿಜಕ್ಕೂ ಸುಟ್ಟಿದೆ, ಮೈಲೇಜ್ ಅಲ್ಲೇ ಹೋಗಿದೆ. ಆದರೂ ಮೊದಲನೆಯ ಸೆನ್ಸರಿನ ಬಾಯಿಗೆ ಎಲ್ಲಿಂದಲೋ ಆಮ್ಲಜನಕ ತಾಗುತ್ತಲೇ ಇದೆ.

ಹೀಗಿರುವಾಗ ಉಳಿದದ್ದು ಎರಡೇ ಸಾಧ್ಯತೆ: ಹೊಸದಾಗಿ ಹಾಕಿದ ಸೆನ್ಸರೇ ತಪ್ಪು ಹೇಳುತ್ತಿರಬೇಕು, ಇಲ್ಲವೇ ಸೆನ್ಸರಿಗೆ ಮುಂಚೆ ಹೊಗೆ ಹೊರಹೋಗುವ ದಾರಿಯಾದ ಎಕ್ಸಾಸ್ಟಿನಲ್ಲಿ ಎಲ್ಲೋ ಹೊರಗಾಳಿ ಸೇರುತ್ತಿರಬೇಕು. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೂ ಅದರಲ್ಲಿ ಉರಿಯದೆ ಉಳಿದ ಆಮ್ಲಜನಕ ಹೀಗೇ ಲೀನ್ ಎಂದು ಹೇಳಿಸುತ್ತದೆ, ಆದರೆ ಇಲ್ಲಿ ಮಿಸ್‌ಫೈರ್ ಎಣಿಕೆ ಸೊನ್ನೆ ಇತ್ತು, ಎಂಜಿನ್ನಿಗೆ ನಡುಕವೂ ಇರಲಿಲ್ಲ.

ಎರಡನೆಯ ಶನಿವಾರ ಸೆನ್ಸರನ್ನು ಪರೀಕ್ಷೆಗೆ ಹಚ್ಚಿದೆ. ನಾಲ್ಕು ತಂತಿಗಳಲ್ಲಿ ಬಿಳಿಯ ಎರಡು ಹೀಟರಿನವು, ಕಪ್ಪು ಸಿಗ್ನಲ್, ಬೂದು ಅದರ ಗ್ರೌಂಡ್. ಕನೆಕ್ಟರ್ ಬಿಚ್ಚಿ ಎರಡು ಬಿಳಿ ತಂತಿಗಳ ನಡುವೆ ಅಳೆದಾಗ 9 ಓಂ ಸಿಕ್ಕಿತು, ಅಂದರೆ ಹೀಟರ್ ತುಂಡಾಗಿಲ್ಲ. ಗಾಡಿಯ ಕಡೆಯ ವೈರಿಂಗಿನಲ್ಲಿ ಎಂಜಿನ್ ಓಡುವಾಗ ಹೀಟರಿಗೆ ಬ್ಯಾಟರಿಯ ವೋಲ್ಟೇಜ್ ಬರುತ್ತಿತ್ತು. ಕಪ್ಪು ಮತ್ತು ಬೂದು ತಂತಿಗಳ ನಡುವೆ ಮಾತ್ರ ಓಂ ಅಳತೆಗೆ ಎಂದೂ ಹೋಗಬಾರದು. ಮೀಟರ್ ತನ್ನ ಬ್ಯಾಟರಿಯಿಂದ ಕರೆಂಟ್ ಹಾಯಿಸಿ ಸೆನ್ಸರನ್ನು ಹಾಳುಮಾಡಬಹುದು. ಹಾಗೆಯೇ ಕನೆಕ್ಟರಿನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯುವುದು, ಗ್ರೀಸ್ ತುಂಬುವುದು, ತಂತಿ ಕತ್ತರಿಸಿ ಬೆಸುಗೆ ಹಾಕುವುದು ಕೂಡ ಬೇಡ. ಇಂಥ ಅನೇಕ ಸೆನ್ಸರ್‌ಗಳು ಒಳಮೈಗೆ ಬೇಕಾದ ಹೊರಗಾಳಿಯನ್ನು ತಂತಿಯ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ. ಆ ದಾರಿ ಮುಚ್ಚಿದರೆ ಒಳ್ಳೆಯ ಸೆನ್ಸರೂ ತಪ್ಪು ಅಂಕಿ ಕೊಡುತ್ತದೆ.

ಕನೆಕ್ಟರನ್ನು ಮರಳಿ ಜೋಡಿಸಿ, ಹಿಂಬದಿಯಿಂದ ಒಂದು ತೆಳು ಗುಂಡುಸೂಜಿಯನ್ನು ಕಪ್ಪು ತಂತಿಯ ಪಕ್ಕಕ್ಕೆ ತೂರಿಸಿ, ಡಿಜಿಟಲ್ ಮೀಟರನ್ನು ವೋಲ್ಟ್‌ನಲ್ಲಿ ಇಟ್ಟೆ. 2,500 ಆರ್‌ಪಿಎಂನಲ್ಲಿ ಸಿಗ್ನಲ್ ಹತ್ತು ಸೆಕೆಂಡಿಗೆ ಎಂಟು ಒಂಬತ್ತು ಸಲ ಮೇಲೆ ಕೆಳಗೆ ಆಡುತ್ತಿತ್ತು, ಆದರೆ ಹೆಚ್ಚು ಹೊತ್ತು 0.2ರ ಕೆಳಗೇ ಇರುತ್ತಿತ್ತು. ಏರ್ ಫಿಲ್ಟರಿನ ಬಾಯಿಗೆ, ಪೆಟ್ರೋಲಿನಂತೆಯೇ ಉರಿಯುವ ಕಾರ್ಬ್ ಕ್ಲೀನರ್ ಸ್ಪ್ರೇಯನ್ನು ಒಂದೇ ಒಂದು ಚಿಟಿಕೆಯಷ್ಟು ಸಿಂಪಡಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಮೀಟರ್ 0.88ಕ್ಕೆ ಹಾರಿತು. ಒಂದು ಸಣ್ಣ ವ್ಯಾಕ್ಯೂಮ್ ಪೈಪನ್ನು ಎಳೆದಾಗ ಅಷ್ಟೇ ಬೇಗ 0.07ಕ್ಕೆ ಬಿತ್ತು. ಈ ಪರೀಕ್ಷೆ ಮಾಡುವವರು ಬೆಂಕಿಯ ಭಯವನ್ನು ಮರೆಯಬಾರದು. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಒಂದು ಹನಿಯೂ ಬೀಳದಂತೆ ನೋಡಿಕೊಳ್ಳಬೇಕು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಬೇಕು. ಹೀಗೆ ಇಂಧನ ಹೆಚ್ಚಿಸಿ ಮಿಶ್ರಣವನ್ನು ರಿಚ್ ಮಾಡಿದಾಗ ರಿಚ್ ಎಂದೂ, ಲೀನ್ ಮಾಡಿದಾಗ ಲೀನ್ ಎಂದೂ ತಡವಿಲ್ಲದೆ ಹೇಳಿದ ಸೆನ್ಸರನ್ನು ಕೆಟ್ಟಿದೆ ಎನ್ನಲಾಗದು. ಪೆಟ್ರೋಲ್ ಒತ್ತಡವನ್ನೂ ಗೇಜ್ ಹಾಕಿ ನೋಡಿದೆ, ಸರ್ವಿಸ್ ಪುಸ್ತಕ ಹೇಳಿದಷ್ಟೇ ಇತ್ತು.

ಆಗ ಬದಿಗಿಟ್ಟಿದ್ದ ಪಿ0141 ನೆನಪಾಯಿತು. ಎರಡನೆಯ ಸೆನ್ಸರ್ ಕನ್ವರ್ಟರಿನಿಂದಾಚೆ ಇದೆ, ಅದಕ್ಕೆ ಸಿಗುವುದು ನಾಲ್ಕೂ ಸಿಲಿಂಡರ್‌ಗಳ ಹೊಗೆ ಚೆನ್ನಾಗಿ ಬೆರೆತ ಮೇಲಿನ ಒಟ್ಟು ಸ್ಥಿತಿ. ಮೊದಲನೆಯದು ಹೇಳುವುದು ನಿಜವೋ ಅಲ್ಲವೋ ಎಂದು ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಈ ಗಾಡಿಯಲ್ಲೇ ಇನ್ನೊಂದಿಲ್ಲ. ಆದರೆ ಹೀಟರ್ ಸತ್ತಿದ್ದರಿಂದ ಐಡ್ಲಿಂಗಿನಲ್ಲಿ ಅದು ಬೇಕಾದಷ್ಟು ಬಿಸಿಯಾಗದೆ ಸುಮ್ಮನಿತ್ತು. ಅಳೆದು ನೋಡಿದಾಗ ಬಿಳಿ ತಂತಿಗಳ ನಡುವೆ ಸಂಪರ್ಕವೇ ಇರಲಿಲ್ಲ. ಎರಡೂ ಹೀಟರ್‌ಗಳಿಗೆ ಫ್ಯೂಸ್ ಒಂದೇ ಆದ್ದರಿಂದ, ಮೊದಲನೆಯದು ಕೆಲಸ ಮಾಡುತ್ತಿರುವಾಗ ಫ್ಯೂಸನ್ನು ಸಂಶಯಿಸುವ ಅಗತ್ಯ ಬೀಳಲಿಲ್ಲ. ಹೊಸ ಸೆನ್ಸರ್ ತರಿಸಿ, 22 ಮಿ.ಮೀ. ಸೀಳು ಸಾಕೆಟ್ಟಿನಿಂದ ಕೂರಿಸಿದೆ. ಎಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ನೋಡಿದರೆ ಎರಡನೆಯ ಸೆನ್ಸರ್ 0.82 ವೋಲ್ಟ್‌ನಲ್ಲಿ ಗೆರೆ ಎಳೆದಂತೆ ನಿಂತಿತ್ತು. ಎಲ್ಲ ಸರಿಯಿದ್ದರೆ ಅದು 0.6, 0.7ರ ಆಸುಪಾಸಿನಲ್ಲಿ ಇರಬೇಕು. 0.82 ಎಂದರೆ ಆ ಹೊಗೆಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ, ಮಿಶ್ರಣ ರಿಚ್ ಎಂದು ಅರ್ಥ. ಅದೇ ಹೊಗೆ, ಒಂದೂವರೆ ಅಡಿ ಮೇಲೆ ಮೊದಲನೆಯ ಸೆನ್ಸರಿನ ಬಳಿ ಲೀನ್ ಎನಿಸಿಕೊಳ್ಳುತ್ತಿದೆ. ಎರಡೂ ಸೆನ್ಸರ್ ಒಳ್ಳೆಯವೇ ಆಗಿದ್ದರೆ, ಮೊದಲನೆಯದರ ಬಾಯಿಯ ಹತ್ತಿರದಲ್ಲೇ ಗಾಳಿ ಸೇರುತ್ತಿರಬೇಕು, ಆ ಗಾಳಿ ನೇರವಾಗಿ ಅದರ ಮುಖಕ್ಕೇ ಬೀಸುವಷ್ಟು ಹತ್ತಿರದಲ್ಲಿ.

ಊಟದ ಹೊತ್ತಿಗೆ ಇದನ್ನು ಅಪ್ಪಯ್ಯನಿಗೆ ವಿವರಿಸುತ್ತಿದ್ದಾಗ ಅವರು, ‘ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊಲಿಗೆ ಮಿಷನ್ನಿನ ಹಾಗೆ ಟಿಕ್ ಟಿಕ್ ಅಂತ ಒಂದು ಸದ್ದು ಬರ್ತದೆ. ನಾಕು ನಿಮಿಷಕ್ಕೆ ನಿಲ್ತದೆ. ಬಿಸಿಯಾದ ಮೇಲೆ ಬರುದಿಲ್ಲ ಅಂತ ನಾನೂ ಸುಮ್ಮನಾದೆ’ ಎಂದರು. ‘ಯಾವಾಗಿಂದ ಅಪ್ಪಯ್ಯ?’ ಎಂದು ಕೇಳಿದೆ. ‘ಕ್ಲಚ್ ಹಾಕಿಸಿದ ಮೇಲೆ ಇರಬೇಕು’ ಎಂದರು. ನಾನು ಗಾಡಿಯನ್ನು ಮುಟ್ಟುತ್ತಿದ್ದುದು ಯಾವಾಗಲೂ ಎಂಜಿನ್ ಬಿಸಿಯಾದ ಮೇಲೆ. ಆ ಸದ್ದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ತಣ್ಣಗಿದ್ದಾಗ ಕೇಳಿಸಿ, ಬಿಸಿಯಾದಾಗ ಲೋಹ ಹಿಗ್ಗಿ ಕಡಿಮೆಯಾಗುವ ಟಿಕ್ ಸದ್ದು, ನಾಲ್ಕೂ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಿರುಕಿನ ಹಳೆಯ ಗುರುತು. ಗಾಡಿ ಓಡಿಸುವವರನ್ನು ಮೊದಲ ದಿನವೇ ಕೂರಿಸಿಕೊಂಡು ಕೇಳಿದ್ದರೆ ಒಂದು ವಾರ ಉಳಿಯುತ್ತಿತ್ತು.

ಮ್ಯಾನಿಫೋಲ್ಡಿನ ಒಳಗೆ ಒತ್ತಡವಿದ್ದರೆ ಹೊಗೆ ಹೊರಗೆ ಹೋಗಬೇಕಲ್ಲವೇ, ಗಾಳಿ ಒಳಗೆ ಹೇಗೆ ಬರುತ್ತದೆ ಎಂದು ತಮ್ಮ ಕೇಳಿದ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಒಂದೊಂದು ಸಿಲಿಂಡರಿನ ವಾಲ್ವ್ ತೆರೆದಾಗಲೂ ಒಂದೊಂದು ಅಲೆಯಾಗಿ ನುಗ್ಗುತ್ತದೆ. ಒಂದು ಅಲೆ ಮುಂದೆ ಸಾಗಿದ ಮೇಲೆ ಅದರ ಬೆನ್ನಿಗೆ ಕ್ಷಣಕಾಲ ಒತ್ತಡ ಹೊರಗಿನದಕ್ಕಿಂತ ಕೆಳಗೆ ಹೋಗುತ್ತದೆ. ಆ ಕ್ಷಣದಲ್ಲಿ ಬಿರುಕು ಗಾಳಿಯನ್ನು ಹೀರುತ್ತದೆ. ಐಡ್ಲಿಂಗಿನಲ್ಲಿ ಅಲೆಗಳ ನಡುವೆ ಬಿಡುವು ಹೆಚ್ಚು, ಹೊಗೆಯೂ ಕಡಿಮೆ, ಹಾಗಾಗಿ ಹೀರಿದ ಗಾಳಿಯ ಪಾಲು ದೊಡ್ಡದು. ಘಾಟಿಯಲ್ಲಿ ಎಕ್ಸಾಸ್ಟ್ ತುಂಬಿ ಹರಿಯುತ್ತಿರುವುದರಿಂದ ಹೀರುವ ಅವಕಾಶವೇ ಕಡಿಮೆ. ಮೊದಲ ವಾರ ಬರೆದುಕೊಂಡ +27, +13, +6 ಎಂಬ ಇಳಿತಕ್ಕೆ ಇದು ಸರಿಯಾಗಿ ಹೊಂದುತ್ತದೆ. ಹೊರಗಾಳಿಯಲ್ಲಿ ಶೇ. 21 ಆಮ್ಲಜನಕವಿದೆ, ಸರಿಯಾಗಿ ಉರಿದ ಹೊಗೆಯಲ್ಲಿ ಉಳಿಯುವುದು ಶೇ. 1ರ ಆಸುಪಾಸು ಮಾತ್ರ. ಆದ್ದರಿಂದ ಸೆನ್ಸರಿನ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕಿದ್ದರೂ ಅದರ ಪರಿಣಾಮ ಸಣ್ಣದಲ್ಲ.

ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಹೀಟ್ ಶೀಲ್ಡ್ ಬಿಚ್ಚಿದೆ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರಿನ ತುದಿಗೆ ಹಿಡಿದು, ಸುತ್ತ ಒದ್ದೆ ಬಟ್ಟೆ ತುರುಕಿದೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ, ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸುತ್ತ, ಸೆನ್ಸರಿನ ಬುಡಕ್ಕೆ, ನಾಲ್ಕು ಕೊಳವೆಗಳ ಮೇಲೆ ಸಿಂಪಡಿಸುತ್ತಾ ಹೋದೆ. ಪ್ಯಾಕಿಂಗ್ ಸುತ್ತ ನೀರು ಸುಮ್ಮನೆ ಜಾರಿ ಇಳಿಯಿತು. ಮೂರನೆಯ ಸಿಲಿಂಡರಿನ ಕೊಳವೆ ಉಳಿದವುಗಳ ಜೊತೆ ಸೇರುವ ಬೆಸುಗೆಯ ಕೆಳಮಗ್ಗುಲಲ್ಲಿ, ಸೆನ್ಸರಿನಿಂದ ನಾಲ್ಕು ಬೆರಳು ಮೇಲೆ, ನೀರು ತಾಗಿದ ಕೂಡಲೇ ಸಾಸಿವೆ ಕಾಳಿನಂತಹ ಗುಳ್ಳೆಗಳು ಒಂದರ ಹಿಂದೊಂದು ಎದ್ದು, ಒಂದು ಗೆರೆಯಾಗಿ ಸಾಲುಗಟ್ಟಿ, ಕೊನೆಗೆ ಬಿಳಿ ನೊರೆಯ ಎಳೆಯಾಗಿ ಕೆಳಗೆ ಇಳಿಬಿದ್ದವು. ಬಟ್ಟೆಯಿಂದ ಒರೆಸಿ ಕನ್ನಡಿ ಹಿಡಿದು ನೋಡಿದರೆ ಬೆಸುಗೆಯ ಅಂಚಿಗೆ ಅಂಟಿಕೊಂಡಂತೆ ಸುಮಾರು 28 ಮಿ.ಮೀ. ಉದ್ದದ ಬಿರುಕು. ಅದರ ಎರಡು ತುಟಿಗಳಲ್ಲೂ ಕಪ್ಪು ಕಲೆ ಹಿಡಿದಿತ್ತು.

ಮೂರನೆಯ ವಾರಾಂತ್ಯ ಮ್ಯಾನಿಫೋಲ್ಡ್ ಇಳಿಸುವುದಕ್ಕೇ ಹೋಯಿತು. ಹಿಂದಿನ ರಾತ್ರಿಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೂ ಎರಡು ಸ್ಟಡ್‌ಗಳು ನಟ್ಟಿನ ಸಮೇತ ತಿರುಗಿ ಹೊರಬಂದವು. ತುಂಡಾಗದೆ ಬಂದದ್ದೇ ಸಮಾಧಾನ. ಕೆಳಗೆ ಹೋಗಿ ಕನ್ವರ್ಟರನ್ನು ಬಿಡಿಸಲು ನೋಡಿದಾಗ ಬಿರುಕಿನ ಮೂಲವೂ ಸಿಕ್ಕಿತು. ಕನ್ವರ್ಟರಿನ ಭಾರವನ್ನು ಎಂಜಿನ್ ಬ್ಲಾಕಿಗೆ ಹೊರಿಸುವ ಒಂದು ಬ್ರಾಕೆಟ್ ಇದೆ. ಅದರ ಎರಡು ಬೋಲ್ಟ್‌ಗಳಲ್ಲಿ ಒಂದು ಇರಲೇ ಇಲ್ಲ, ಇನ್ನೊಂದು ಕೈಯಲ್ಲೇ ತಿರುಗುವಷ್ಟು ಸಡಿಲವಿತ್ತು. ಕ್ಲಚ್ ಕೆಲಸಕ್ಕೆ ಬಿಚ್ಚಿದವರು ಮರಳಿ ಬಿಗಿಮಾಡಲು ಮರೆತಿದ್ದಾರೆ. ಅಲ್ಲಿಂದ ಮುಂದೆ ಕನ್ವರ್ಟರ್ ತನ್ನ ಭಾರವನ್ನೆಲ್ಲ ಮ್ಯಾನಿಫೋಲ್ಡಿಗೆ ನೇತುಹಾಕಿಕೊಂಡು, ಎಂಜಿನ್ನಿನ ಪ್ರತಿ ನಡುಕಕ್ಕೂ ಆ ಬೆಸುಗೆಯನ್ನು ಬಗ್ಗಿಸುತ್ತಾ ಬಂದಿದೆ. ಬಿರುಕನ್ನು ಮಾತ್ರ ಮುಚ್ಚಿ ಬ್ರಾಕೆಟ್ ಬಿಟ್ಟಿದ್ದರೆ ಅದೇ ಜಾಗ ಮತ್ತೆ ಒಡೆಯುತ್ತಿತ್ತು.

ಮ್ಯಾನಿಫೋಲ್ಡನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಒಯ್ದು, ಆರ್ಗನ್ ವೆಲ್ಡಿಂಗ್ ಮಾಡುವ ಹಿರಿಯ ಮೇಸ್ತ್ರಿಯೊಬ್ಬರಿಗೆ ಕೊಟ್ಟೆ. ಸೆನ್ಸರನ್ನು ಮೊದಲೇ ಬಿಚ್ಚಿಟ್ಟಿದ್ದೆ. ಅವರು ಬಿರುಕನ್ನು ಬೆಳಕಿಗೆ ಹಿಡಿದು, ‘ಕಣ್ಣಿಗೆ ಕಾಣೋದಕ್ಕಿಂತ ಬಿರುಕು ಮುಂದೆ ಹೋಗಿರುತ್ತೆ ಸರ್’ ಎಂದು ಹೇಳಿ, ಎರಡೂ ತುದಿಗಳಿಂದ ಸ್ವಲ್ಪ ಆಚೆ 3 ಮಿ.ಮೀ. ತೂತು ಕೊರೆದರು. ಬಿರುಕು ಆ ದುಂಡು ತೂತನ್ನು ದಾಟಿ ಹರಡದಂತೆ ಮಾಡುವ ಕ್ರಮ ಅದು. ನಂತರ ಬಿರುಕಿನ ಉದ್ದಕ್ಕೂ ವಿ ಆಕಾರದ ತೋಡು ತೆಗೆದು, ಕೊಳವೆಗಳ ಬಾಯಿಗೆ ಟೇಪ್ ಸುತ್ತಿ ಒಳಗೂ ಆರ್ಗನ್ ತುಂಬಿಸಿ, 309 ಎಲ್ ಸ್ಟೇನ್‌ಲೆಸ್ ರಾಡಿನಿಂದ ತುಸುತುಸುವಾಗಿ ಬಿಟ್ಟು ಬಿಟ್ಟು ತುಂಬಿದರು. ಒಳಗಡೆಗೆ ಆರ್ಗನ್ ಇಲ್ಲದಿದ್ದರೆ ಬೆಸುಗೆಯ ಹಿಂಬದಿ ಸುಟ್ಟು ಹರಳುಗಟ್ಟುತ್ತದೆ, ಆ ಹರಳು ಕಳಚಿ ಕನ್ವರ್ಟರಿಗೆ ಬೀಳಬಹುದು. ಅವರ ಕೈಯ ತಾಳ್ಮೆಯನ್ನು ನೋಡುತ್ತಾ ಎರಡು ಗಂಟೆ ಕುಳಿತಿದ್ದೆ.

ನಾಲ್ಕನೆಯ ಶನಿವಾರ ಹೊಸ ಪ್ಯಾಕಿಂಗ್, ಹೊಸ ಸ್ಟಡ್ ಮತ್ತು ನಟ್‌ಗಳನ್ನು ಹಾಕಿ ಮ್ಯಾನಿಫೋಲ್ಡ್ ಏರಿಸಿದೆ. ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿಮಾಡಿದೆ. ಪ್ಯಾಕಿಂಗಿಗೆ ಯಾವ ಪೇಸ್ಟನ್ನೂ ಹಚ್ಚಲಿಲ್ಲ. ಸಾಮಾನ್ಯ ಸಿಲಿಕೋನ್ ಸೀಲಂಟ್ ಗಟ್ಟಿಯಾಗುವಾಗ ಬಿಡುವ ಆವಿ ಸೆನ್ಸರಿನ ತುದಿಯ ಮೇಲೆ ಬಿಳಿ ಪದರವಾಗಿ ಕೂತು ಅದನ್ನು ಕೊಲ್ಲುತ್ತದೆ; ಎಂಜಿನ್ನಿನ ಬೇರೆ ಕಡೆ ಹಚ್ಚುವುದಿದ್ದರೂ ಸೆನ್ಸರಿಗೆ ಅಪಾಯವಿಲ್ಲ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ತರಬೇಕು. ಸೆನ್ಸರಿನ ತಿರುಪಿನ ಎಳೆಗಳಿಗೆ ಮಾತ್ರ, ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿಸೀಜ್ ಪೇಸ್ಟ್ ತೆಳ್ಳಗೆ ಸವರಿ, ತುದಿಗೆ ತಾಗದಂತೆ ಕೂರಿಸಿ, 45 ನ್ಯೂಟನ್ ಮೀಟರಿಗೆ ಬಿಗಿಮಾಡಿದೆ. ಬ್ರಾಕೆಟ್ಟಿನ ಎರಡೂ ಬೋಲ್ಟ್‌ಗಳನ್ನು ಸ್ಪ್ರಿಂಗ್ ವಾಷರ್ ಸಮೇತ ಹೊಸದಾಗಿ ಹಾಕಿದೆ. ಸ್ಟಾರ್ಟ್ ಮಾಡುವ ಮೊದಲು ಮತ್ತೆ ಸೋಪಿನ ನೀರು ಹೊಡೆದೆ, ಒಂದು ಗುಳ್ಳೆಯೂ ಏಳಲಿಲ್ಲ. ಮೈಲೇಜ್ ಒಂದರ ಮಾತಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ: ಬಾನೆಟ್ಟಿನ ಕೆಳಗೆ ಹೊಗೆ ಸೋರುತ್ತಿದ್ದರೆ ಅದರಲ್ಲಿನ ಕಾರ್ಬನ್ ಮಾನಾಕ್ಸೈಡ್ ಗಾಳಿ ಬರುವ ಕಿಂಡಿಯ ಮೂಲಕ ಕ್ಯಾಬಿನ್ನಿಗೆ ಸೇರಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಪ್ಪಯ್ಯ ಇಷ್ಟು ತಿಂಗಳು ಕಿಟಕಿ ಮುಚ್ಚಿಕೊಂಡು ಆ ಗಾಡಿಯನ್ನು ಓಡಿಸಿದ್ದರು.

ಕೋಡ್‌ಗಳನ್ನು ಅಳಿಸಿ, ಹಳೆಯ ಲಾಂಗ್ ಟರ್ಮ್ ಲೆಕ್ಕ ಸೊನ್ನೆಗೆ ಬಂದ ಮೇಲೆ, ಪೇಟೆ, ಹೆದ್ದಾರಿ, ಘಾಟಿ ಸೇರಿ 200 ಕಿ.ಮೀ. ಓಡಿಸಿ ಮತ್ತೆ ಬರೆದುಕೊಂಡೆ. ಐಡ್ಲಿಂಗಿನಲ್ಲಿ +5, 2,500ರಲ್ಲಿ +4, ಘಾಟಿಯಲ್ಲಿ +5. ಎರಡನೆಯ ಸೆನ್ಸರ್ 0.66ರಲ್ಲಿ ಸ್ಥಿರ. ಮೊದಲನೆಯದು 0.1ರಿಂದ 0.8ರವರೆಗೆ ಸಮವಾಗಿ ಆಡುತ್ತಿರುವಾಗ ಎರಡನೆಯದು ಅಲುಗದಿರುವುದರಿಂದ ಕನ್ವರ್ಟರ್ ಇನ್ನೂ ಚೆನ್ನಾಗಿದೆ ಎಂಬ ಧೈರ್ಯ ಬಂತು. ರಿಚ್ ಹೊಗೆಗೆ ಹೊರಗಾಳಿ ಸೇರಿ ಕನ್ವರ್ಟರಿನೊಳಗೆ ಉರಿದು ಅದರ ಜೇನುಗೂಡು ಕರಗಿರಬಹುದೆಂಬ ಹೆದರಿಕೆ ನನಗಿತ್ತು.

ಉಳಿದ +5 ಏನು ಎಂಬ ಪ್ರಶ್ನೆ ಸಹಜ. ಎಲ್ಲ ಸ್ಥಿತಿಯಲ್ಲೂ ಅದು ಒಂದೇ ಆಗಿರುವುದರಿಂದ ಅದು ಸೋರಿಕೆಯಲ್ಲ, ಪಂಪಿನ ಸೋಲೂ ಅಲ್ಲ. ಎಥನಾಲ್ ಇಲ್ಲದ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು; ಶೇ. 10 ಎಥನಾಲ್ ಬೆರೆತರೆ (ಇ10) ಸುಮಾರು 14.1, ಶೇ. 20 ಬೆರೆತರೆ (ಇ20) ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಇ10ಕ್ಕಿಂತ ಇ20 ಇಂಧನ ಶೇ. 4ರಷ್ಟು ಹೆಚ್ಚು ಬೇಕು. 2014ರ ಈ ಎಂಜಿನ್ನಿನ ಲೆಕ್ಕ ಈಗ ಬಂಕಿನಲ್ಲಿ ಸಿಗುವ ಇ20ಗಾಗಿ ಬರೆದದ್ದಲ್ಲ. ಆ ವ್ಯತ್ಯಾಸವನ್ನು ಇಸಿಯು ಟ್ರಿಮ್ಮಿನಲ್ಲಿ ತುಂಬಿಕೊಳ್ಳುತ್ತಿದೆ. ಹಳೆಯ ಗಾಡಿಗಳಲ್ಲಿ ಎಲ್ಲೆಡೆ ಸಮನಾಗಿ +4, +5 ಕಂಡರೆ ಅದನ್ನು ದೋಷವೆಂದು ಹಿಡಿದು ಹುಡುಕಾಟಕ್ಕೆ ಇಳಿಯಬೇಕಿಲ್ಲ. ಟ್ಯಾಂಕ್ ತುಂಬಿಸಿ ತುಂಬಿಸಿ ಎರಡು ಸಲ ಲೆಕ್ಕ ಹಾಕಿದಾಗ ಮೈಲೇಜ್ 15.4 ಬಂತು. ಪ್ಲಗ್‌ಗಳ ಪಿಂಗಾಣಿ ಈಗ ತಿಳಿ ಕಂದು.

ಕೊನೆಗೆ, ಗ್ಯಾರೇಜಿನವರು ಡಬ್ಬಿಯಲ್ಲಿ ಹಾಕಿಕೊಟ್ಟಿದ್ದ ಹಳೆಯ ಸೆನ್ಸರನ್ನು ತೆಗೆದೆ. ಅದನ್ನು ವೈಸಿಗೆ ಕಚ್ಚಿಸಿ, ಕಪ್ಪು ಮತ್ತು ಬೂದು ತಂತಿಗಳಿಗೆ ವೋಲ್ಟ್ ಮೀಟರ್ ಜೋಡಿಸಿ, ತುದಿಯನ್ನು ಗ್ಯಾಸ್ ಟಾರ್ಚಿನ ಜ್ವಾಲೆಯೊಳಗೆ ಮಂಕು ಕೆಂಪಾಗುವವರೆಗೆ ಕಾಯಿಸಿದೆ. ಆಮ್ಲಜನಕವಿಲ್ಲದ ಆ ಜ್ವಾಲೆಯೊಳಗೆ ಮೀಟರ್ ನಿಧಾನವಾಗಿ ಏರಿ 0.84ರಲ್ಲಿ ನಿಂತಿತು, ಟಾರ್ಚನ್ನು ಸರಿಸಿದಾಗ ಒಂದು ಸೆಕೆಂಡಿನೊಳಗೆ 0.1ಕ್ಕಿಂತ ಕೆಳಗೆ ಬಿತ್ತು. ಐದು ಸಲ ಮಾಡಿದೆ, ಐದೂ ಸಲ ಹಾಗೆಯೇ. ತಣ್ಣಗಾದ ಮೇಲೆ ಅದನ್ನು ಒರೆಸಿ, ಅದೇ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ‘ಸರಿಯಿದೆ, 92,000 ಕಿ.ಮೀ.’ ಎಂದು ಬರೆದು ಟೂಲ್ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದೇನೆ.